ಸಮುದ್ರಕ್ಕೆ ಉಡಿಸಿದ ಸೀರೆ

ಸಮುದ್ರದ ಮೇಲೆ ಲಾರಿಯಲ್ಲಿ ಕೂತು ಹೋಗಿ ಬಂದವಳು ನಾನು ಎಂದರೆ ಬೆಟಗೇರಿಯಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನ್ನ ಗಂಟೇನು ಹೋಗುವುದಿದೆ! ಮೊಮ್ಮಕ್ಕಳು ಕೂಡ "ಅಜ್ಜೀ, ಅದು ಹಡಗ ಇರಬೇಕು, ನಿನಗ ತಿಳಿದಿಲ್ಲ" ಎಂದು ನನಗೇ ಬುದ್ಧಿ ಹೇಳುತ್ತವೆ. ಹಡಗು ಯಾವುದು, ಲಾರಿ ಯಾವುದು ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಅದಕ್ಕೆ ಆರು ಗಾಲಿಗಳಿದ್ದವು, ಸ್ಟೇರಿಂಗ್ ಇತ್ತು, ಸ್ಟೇರಿಂಗ್ ಹಿಡಿದು ನನ್ನ ಗಂಡನೇ ಕೂತಿದ್ದರು. ಮೈ ಮಾತ್ರ ದೋಣಿಯದು, ಕಬ್ಬಿಣದ ದೋಣಿ. ರಸ್ತೆಯ ಮೇಲೆ ಲಾರಿಯಂತೆ ಓಡುತ್ತಿತ್ತು. ದಂಡೆಗೆ ಬಂದು ಹಾಗೆಯೇ ನೀರಿಗೆ ಇಳಿದರೆ ಹಿಂದುಗಡೆ ತಳದಲ್ಲಿದ್ದ ಪಂಖ ತಿರುಗಿ ತೇಲಿಕೊಂಡು ಹೋಗುತ್ತಿತ್ತು. ಸೈನ್ಯದವರು ಅದಕ್ಕೆ ಡಕ್ ಎನ್ನುತ್ತಿದ್ದರು. ನಾವು ಮನೆಯಲ್ಲಿ ನೀರಲಾರಿ ಎನ್ನುತ್ತಿದ್ದೆವು.

ನನ್ನ ತವರು ಲಕ್ಷ್ಮೇಶ್ವರ. ನಾನು ಮದುವೆಯಾಗಿ ಬಂದಾಗ ಅದು ಸಂಸ್ಥಾನದಲ್ಲಿತ್ತು, ಬೆಟಗೇರಿ ಮುಂಬೈ ಇಲಾಖೆಯಲ್ಲಿತ್ತು. ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ರಾಜ್ಯ ಬದಲಾಗುತ್ತಿತ್ತು. ಬದಲಾಗಿ ಏನು ಬಂತು? ಅಲ್ಲಿಯೂ ಮಗ್ಗ, ಇಲ್ಲಿಯೂ ಮಗ್ಗ. ಅಲ್ಲಿ ಅವ್ವನ ಮುಂದೆ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದೆ, ಇಲ್ಲಿ ಅತ್ತೆಯ ಮುಂದೆ ಸುತ್ತತೊಡಗಿದೆ. ನಮ್ಮ ಮನೆಯವರು ಮಾತ್ರ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯಿಂದ ಎದ್ದು ಹೋದವರು. ಲಡಾಯಿ ಕಾಲದಲ್ಲಿ ನೂಲಿಗೆ ಕಂಟ್ರೋಲ್ ಬಂದು ಓಣಿಯ ಮಗ್ಗಗಳೆಲ್ಲ ಸುಮ್ಮನಾದಾಗ, ಅವರು ಗದಗ-ಮುಂಡರಗಿ ಬಸ್ಸಿಗೆ ಕ್ಲೀನರ್ ಆಗಿ ಹೋದರಂತೆ. ಡ್ರೈವರನ ಕೈಕಾಲು ಹಿಡಿದು ಗಾಡಿ ಕಲಿತರು. ಸೈನ್ಯಕ್ಕೆ ಡ್ರೈವರ್‌ಗಳು ಬೇಕಾಗಿದ್ದ ಕಾಲ ಅದು, ಹೆಸರು ಕೊಟ್ಟು ನಡೆದೇಬಿಟ್ಟರು. ಬರ್ಮಾದ ಕಡಲತೀರದಲ್ಲಿ ಅವರ ಕೈಗೆ ಈ ನೀರಲಾರಿ ಬಂತು. ಮುಂದೆ ಅವರ ಜೀವ ಅದರಲ್ಲೇ ಸಿಕ್ಕಿಕೊಂಡಿತು.

ಸ್ವಾತಂತ್ರ್ಯ ಬಂದ ಮೇಲೆ ಅವರಿಗೆ ಮುಂಬೈ ಹತ್ತಿರದ ಸಮುದ್ರದ ದಂಡೆಯ ಒಂದು ಕ್ಯಾಂಪಿಗೆ ಬದಲಿಯಾಯಿತು. ಸಂಸಾರಕ್ಕೆ ಕೋಣೆ ಸಿಕ್ಕಿತು, ನನ್ನನ್ನು ಕರೆಸಿಕೊಂಡರು. ಬಾಗಿಲು ತೆಗೆದರೆ ಸಮುದ್ರ! ಬೇಸಿಗೆಯಲ್ಲಿ ಕೊಡಕ್ಕಾಗಿ ಬಾವಿಕಟ್ಟೆಯ ಮೇಲೆ ಜಗಳಾಡಿ ಬೆಳೆದವಳು ನಾನು. ಅಷ್ಟು ನೀರು ಕಂಡು ಮೊದಲ ದಿನ ನನಗೆ ಸಿಟ್ಟೇ ಬಂತು. ಕುಡಿಯಲು ಬಾರದ ನೀರನ್ನು ದೇವರು ಇಷ್ಟು ಯಾಕೆ ಮಾಡಿಟ್ಟ ಎಂದು ಕೇಳಿದೆ. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏ ಹುಚ್ಚೀ, ಇದು ಕುಡ್ಯಾಕಲ್ಲ, ಇದರ ಮ್ಯಾಲ ಹೋಗಾಕ" ಎಂದರು. ಊರಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ಕೋಣೆಯಲ್ಲಿ ನಾನು ಸುಖವಾಗಿದ್ದೆ, ಇದನ್ನು ಯಾರ ಮುಂದೆಯೂ ಮುಚ್ಚಿಡುವುದಿಲ್ಲ. ಪಕ್ಕದ ಪಂಜಾಬಿನಾಕೆಗೆ ಜೋಳದ ರೊಟ್ಟಿ ಬಡಿಯಲು ಕಲಿಸಿದೆ. ಆಕೆಯ ರೊಟ್ಟಿ ಕೊನೆಯವರೆಗೂ ಗುಂಡಗಾಗಲಿಲ್ಲ.

ಅವರು ಸೈನ್ಯಕ್ಕೆ ಬರೆದುಕೊಟ್ಟಿದ್ದ ವರ್ಷಗಳು ಮುಗಿಯುತ್ತ ಬಂದವು. ಮುಂದುವರಿಯಬೇಕೆಂದರೆ ಎರಡು ಒಪ್ಪಿಗೆ ಬೇಕಾಗಿದ್ದವು. ಒಂದು ಅವರ ಸಾಹೇಬರದು, ಅದು ಸಿಕ್ಕಂತೆಯೇ ಇತ್ತು. ಇನ್ನೊಂದು ಅತ್ತೆಯದು. ಅವ್ವ ಒಲ್ಲೆ ಎಂದರೆ ಈ ಮನುಷ್ಯ ಒಂದು ಹೆಜ್ಜೆ ಮುಂದೆ ಇಡುವವರಲ್ಲ. ಊರಲ್ಲಿ ಮಾವನ ಕಾಲು ಬಾತು ಕುಣಿಗೆ ಇಳಿಯಲು ಆಗದಂತಾಗಿತ್ತು. ಮಗ್ಗ ಖಾಲಿ ಬಿದ್ದಿತ್ತು. "ಮಗನ್ನ ಕರಕೊಂಡ ಬರ್ತೀನಿ" ಎಂದು ಓಣಿಯ ತುಂಬ ಸಾರಿ ಅತ್ತೆ ರೈಲು ಹತ್ತಿದಳು. ನೂಲಿನ ವ್ಯಾಪಾರಕ್ಕೆ ಮುಂಬೈಗೆ ಹೊರಟಿದ್ದ ಓಣಿಯ ಹಿರಿಯರೊಬ್ಬರು ಆಕೆಯನ್ನು ನಮ್ಮ ಬಾಗಿಲಿಗೆ ಮುಟ್ಟಿಸಿ ಹೋದರು. ಬಂದವಳ ಒಂದು ಕಂಕುಳಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಗಂಟು, ಇನ್ನೊಂದರಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಸೀರೆ. ಕೆಂಪು ದಡಿಯ ಹಸಿರು ಸೀರೆ, ಹದಿನೆಂಟು ಮೊಳದ್ದು. ಮಾವ ಕೊನೆಯದಾಗಿ ನೇಯ್ದದ್ದು.

ನನಗೆ ತಂದಿರಬೇಕೆಂದು ಕೈ ಚಾಚಿದೆ.

"ಕೈ ತಗಿ, ನಿನಗಲ್ಲ" ಎಂದಳು ಅತ್ತೆ. "ಗಂಗವ್ವಗ ತಂದೀನಿ. ಸೀರಿ ಕೊಟ್ಟು ಮಗನ್ನ ಬಿಡಿಸಿಕೊಂಡ ಹೋಗ್ತೀನಿ."

ಆಕೆಯ ಪಾಲಿಗೆ ಸಮುದ್ರವೂ ಗಂಗವ್ವನೇ. ಹೊಳೆ ದಾಟುವಾಗ ಗಂಗವ್ವನಿಗೆ ಉಡಿ ತುಂಬುವುದು ನಮ್ಮ ಕಡೆಯ ಹೆಣ್ಣುಮಕ್ಕಳ ಪದ್ಧತಿ, ಅದರಲ್ಲಿ ಹೊಸದೇನಿಲ್ಲ. ಆದರೆ ಅತ್ತೆಯ ಮನೆತನದಲ್ಲಿ ಇನ್ನೊಂದು ನಡೆದುಕೊಂಡು ಬಂದಿತ್ತು. ದೇವಿಗೆ ಕೊಡುವ ಸೀರೆಯನ್ನು ಮಡಿಕೆಯಲ್ಲಿ ಕೊಡಬಾರದು. ಮಡಿಕೆ ಹಾಕಿದ್ದು ಅಂಗಡಿಯವನಿಗೆ. ದೇವಿಗಾದರೆ ಮಡಿಕೆ ಬಿಚ್ಚಿ, ಸೆರಗಿನಿಂದ ಆ ತುದಿಯವರೆಗೂ ಹರವಬೇಕು. ಎಲ್ಲಿಯೂ ಎಳೆ ತಪ್ಪಿಲ್ಲ, ಕಸರಿಲ್ಲ ಎಂದು ಅವಳೇ ಕಣ್ಣಾರೆ ನೋಡಿಕೊಳ್ಳಬೇಕು. ನೇಕಾರ ದೇವಿಗೂ ಮೋಸದ ಮಾಲು ಕೊಟ್ಟಾನು ಎಂಬ ಮಾತು ಬರಬಾರದಲ್ಲ!

ಅತ್ತೆ ಬಂದ ಸಂಜೆಯಿಂದಲೇ ಶುರು ಮಾಡಿದಳು. "ಅಪ್ಪನ ಕಾಲ ನೋಡಾಕ ಆಗೂದಿಲ್ಲ. ನೌಕರಿ ಬಿಡು, ನಡಿ." ನಮ್ಮವರು ಎದುರಾಡಲಿಲ್ಲ. ರೊಟ್ಟಿ ಮುರಿಯುತ್ತ ಇಷ್ಟೇ ಹೇಳಿದರು: "ಯವ್ವಾ, ನೀ ಹೇಳಿದಾಂಗ ಕೇಳ್ತೀನಿ. ಆದ್ರ ಒಂದ್ ಸಲ ನನ್ನ ಗಾಡ್ಯಾಗ ಕುಂಡ್ರು. ಇಳಿದ ಮ್ಯಾಲೂ ನಡಿ ಅಂದ್ರ, ಅವತ್ತ ಸಾಮಾನ ಕಟ್ತೀನಿ."

ಎರಡು ದಿನಕ್ಕೆ ಕ್ಯಾಂಪಿನಲ್ಲಿ ಸಂಸಾರದವರಿಗೆ ನೀರಲಾರಿ ತೋರಿಸುವ ಕಾರ್ಯಕ್ರಮವಿತ್ತು. ದಂಡೆಯ ಮೇಲೆ ಶಾಮಿಯಾನ ಹಾಕಿ ದೊಡ್ಡ ದೊಡ್ಡ ಅಧಿಕಾರಿಗಳನ್ನು ಕೂರಿಸಿದ್ದರು. ನಮ್ಮವರ ಗಾಡಿಯಲ್ಲಿ ಮುಂದಿನ ಸೀಟಿಗೆ ಸಾಹೇಬರ ಹೆಂಡತಿ, ಹಿಂದಿನ ಬಯಲಿನಲ್ಲಿ ನಾವು ಹೆಂಗಸರು, ಮಕ್ಕಳು. ಹತ್ತುವ ಮುಂಚೆಯೇ ನಮ್ಮವರು ಹಿಂದಿಯಲ್ಲಿ ಎಲ್ಲರಿಗೂ ತಾಕೀತು ಮಾಡಿದರು, ಕೈ ಹೊರಗೆ ಹಾಕಬೇಡಿ, ಏನೂ ಎಸೆಯಬೇಡಿ ಎಂದು. ಅತ್ತೆಗೆ ಕನ್ನಡದಲ್ಲಿ ಬೇರೆ ಹೇಳಿದರು. "ಒಗ್ಯಾಕ ನನಗೇನ್ ಹುಚ್ಚ ಹಿಡದೈತಿ?" ಎಂದಳು ಅತ್ತೆ, ಸೀರೆಯ ಗಂಟನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡು. ಪೂಜೆಯ ಸೀರೆಯನ್ನು ದಂಡೆಯಲ್ಲೇ ನೀರಿಗೆ ಬಿಡುತ್ತಾಳೆ ಎಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ಗಾಡಿ ಉಸುಕಿನ ಮೇಲೆ ಕುಣಿಯುತ್ತ ಇಳಿಜಾರಿಗೆ ಬಂತು. ಎದುರಿಗೆ ನೀರು. ಯಾವ ಡ್ರೈವರನಾದರೂ ಬ್ರೇಕ್ ಒತ್ತುವ ಜಾಗ ಅದು, ಇವರು ಒತ್ತಲಿಲ್ಲ. "ಅಯ್ಯಯ್ಯೋ, ಲೇ ತಮ್ಮಾ, ನಿಂದರಸೋ!" ಎಂದು ಅತ್ತೆ ನನ್ನ ತೋಳು ಹಿಡಿದು ಚಿವುಟಿದಳು. ಆ ಗುರುತು ಬಹಳ ದಿನ ಉಳಿಯಿತು. ತೆರೆಯೊಂದು ಮೂತಿಗೆ ಬಡಿದು ನಮ್ಮ ಮೇಲೆಲ್ಲ ಉಪ್ಪುನೀರು ಚೆಲ್ಲಿತು. ಗಾಲಿಗಳು ಇನ್ನೂ ತಳದ ಉಸುಕಿನಲ್ಲಿ ಗರಗರ ಎನ್ನುತ್ತಿದ್ದವು. ಆಮೇಲೆ ಆ ಗರಗರ ನಿಂತೇಹೋಯಿತು. ನೆಲ ಬಿಟ್ಟಿತು! ಹೊಟ್ಟೆಯೊಳಗೆ ಏನೋ ಹಗುರವಾಗಿ ಮೇಲಕ್ಕೆ ಬಂತು. ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಹಾಗೆಯೇ ಆಗುತ್ತದೋ ಏನೋ, ಅದು ಹೇಳುವುದಿಲ್ಲ, ನಮಗೆ ನೆನಪಿಲ್ಲ. ನಾನು ನಕ್ಕೆ. ಪಂಜಾಬಿನಾಕೆ ನಕ್ಕಳು. ಮಕ್ಕಳು ಕಿರುಚಿದವು.

ಅತ್ತೆ ನಗಲಿಲ್ಲ. ಚಿವುಟುವುದನ್ನು ಬಿಟ್ಟು ಮುಂದೆ ಮಗನನ್ನು ನೋಡುತ್ತಿದ್ದಳು. ಅವರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಬರುವ ಒಂದೊಂದು ತೆರೆಯನ್ನೂ ನೋಡಿ ಗಾಡಿಯ ಮೂತಿಯನ್ನು ಅದಕ್ಕೆ ನೇರ ಮಾಡುತ್ತಿದ್ದರು. ದಂಡೆ ಸಣ್ಣದಾಯಿತು, ಶಾಮಿಯಾನ ಒಂದು ಕರವಸ್ತ್ರದಷ್ಟಾಯಿತು. ಅತ್ತೆ ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಅವನ ಬೆನ್ನ ನೋಡವಾ" ಎಂದಳು. "ಮಗ್ಗದ ಮುಂದ ಕುಂತಾಗ ಹಿಂಗ ನೆಟ್ಟಗ ಎಂದೂ ಇದ್ದಿದ್ದಿಲ್ಲ. ನಾ ಇವನ್ನ ಹ್ಯಾಂಗ ಕರಕೊಂಡ ಹೋಗಲಿ?"

ಆಕೆಯೇ ಮುಂದುವರಿಸಿದಳು. "ಇಲ್ಲೇ ಇರ್ಲಿ. ಮುದುಕಗ ನಾ ಹೇಳ್ತೀನಿ. ಮಗ್ಗಕ್ಕ ಯಾರನರ ಆಳ ಇಟ್ರಾತು." ಹೀಗೆಂದು ಮಗನನ್ನು ಕೂಗಿದಳು. ಎಂಜಿನ್ ಸದ್ದಿನಲ್ಲಿ ಅವರಿಗೆ ಎಲ್ಲಿ ಕೇಳಬೇಕು? ಇಳಿದ ಮೇಲೆ ಹೇಳಿದರಾಯಿತು ಎಂದು ನಾನೇ ಅಂದೆ. ನನ್ನ ಸಂತೋಷಕ್ಕೆ ಮಿತಿಯೇ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅತ್ತೆಯ ಕಾಲಿಗೆ ಮನಸ್ಸಿನಿಂದ ಬೀಳೋಣ ಎನಿಸಿತ್ತು.

ನಡುನೀರಿನಲ್ಲಿ ನಮ್ಮವರು ಗಾಡಿ ನಿಲ್ಲಿಸಿದರು. ಎಂಜಿನ್ ಸಣ್ಣಗೆ ಗುರುಗುಡುತ್ತಿತ್ತು, ಪಂಖ ನಿಂತಿತ್ತು. ಮುಂದಿನವರಿಗೆ ಕೈ ತೋರಿಸಿ ಏನೋ ವಿವರಿಸುತ್ತಿದ್ದರು. ಅತ್ತೆ ಎದ್ದು ಹಿಂಬದಿಯ ಅಂಚಿಗೆ ಹೋದಳು. ನಾನು ಬೀಳಬಾರದೆಂದು ಆಕೆಯ ಸೊಂಟ ಹಿಡಿದುಕೊಂಡೆ. ಗಂಟು ಬಿಚ್ಚಿದಳು, ಸೀರೆಯ ಮಡಿಕೆ ಬಿಚ್ಚಿದಳು, ಅರಿಸಿನ ಕುಂಕುಮ ಹಚ್ಚಿದಳು. ಎಸೆಯಬೇಡ ಎಂದಿದ್ದರಲ್ಲ, ಆಕೆ ಎಸೆಯಲಿಲ್ಲ. ಕೂಸಿಗೆ ಹೊದಿಸುವ ಹಾಗೆ ಮೊಳ ಮೊಳವಾಗಿ ನೀರಿನ ಮೇಲೆ ಹರವಿದಳು.

"ಗಂಗವ್ವಾ, ಇವನ್ನ ಬಿಡಿಸಿಕೊಂಡ ಹೋಗಾಕಂತ ಬಂದಿದ್ನಿ. ಈಗ ಒಲ್ಲೆ. ನಿನ್ನ ಮ್ಯಾಲ ಬಿಟ್ಟ ಹೊಂಟೀನಿ, ಇಲ್ಲೇ ಇಟ್ಕೋ. ತಣ್ಣಗ ಇಡು."

ಹಸಿರು ಸೀರೆ ಗಾಡಿಯ ಹಿಂದೆ ಉದ್ದಕ್ಕೂ ಬಿಚ್ಚಿಕೊಂಡು ಬಿಸಿಲಲ್ಲಿ ತೇಲಿತು. ಎಂಥ ಚೆಂದ ಕಂಡಿತು! ಪಂಜಾಬಿನಾಕೆ ಕೂಡ ಕೈ ಮುಗಿದಳು. ಅಷ್ಟರಲ್ಲಿ ಮುಂದೆ ಕೂತ ನಮ್ಮವರು, ಗಾಡಿ ತಿರುಗಿಸಲೆಂದು ಪಂಖವನ್ನು ರಿವರ್ಸಿಗೆ ಹಾಕಿದರು.

ಸೀರೆ ಒಂದೇ ಸಲಕ್ಕೆ ತಳಕ್ಕೆ ಎಳೆದುಕೊಂಡು ಹೋಯಿತು. ಯಾರೋ ಕೆಳಗಿನಿಂದ ಸೆಳೆದಂತಾಯಿತು. ಎಂಜಿನ್ ನರಳಿ, ಒದರಿ, ಬಂದಾಯಿತು. ಗಾಡಿ ತೆರೆಗೆ ಅಡ್ಡವಾಯಿತು. ಮುಂದಿನ ತೆರೆ ಪಕ್ಕದಿಂದ ಬಂದು ಒಳಗೆ ಸುರಿಯಿತು. ಸಾಹೇಬರ ಹೆಂಡತಿಯ ಹಣೆ ಮುಂದಿನ ಗಾಜಿಗೆ ಬಡಿದು ರಕ್ತ ಬಂತು. ಮಕ್ಕಳು ಒಂದರ ಮೇಲೊಂದು ಬಿದ್ದವು. ನಮ್ಮವರು ಹಿಂದೆ ಬಂದು ಒಂದು ಸಲ ನೀರಿನತ್ತ ನೋಡಿದರು, ಒಂದು ಸಲ ಅವ್ವನ ಕುಂಕುಮದ ಕೈ ನೋಡಿದರು. ಚಾಕು ತೆಗೆದುಕೊಂಡು ನೀರಿಗೆ ಹಾರಿದರು. ಪಂಖಕ್ಕೆ ಸುತ್ತಿದ ಸೀರೆಯನ್ನು ಮುಳುಗಿ ಮುಳುಗಿ ಕೊಯ್ದರೂ ಮುಗಿಯಲಿಲ್ಲ. ಮಾವನ ಕೈಯ ನೇಯ್ಗೆ ಅಷ್ಟು ಗಟ್ಟಿ. ಕಡೆಗೆ ಇನ್ನೊಂದು ನೀರಲಾರಿ ಬಂದು, ಹಗ್ಗ ಕಟ್ಟಿ, ಶಾಮಿಯಾನದ ಮುಂದೆಯೇ ನಮ್ಮನ್ನು ಎಳೆದುಕೊಂಡು ದಂಡೆಗೆ ಹತ್ತಿಸಿತು.

ವಿಚಾರಣೆಯಾಯಿತು. ಆ ಸೀರೆ ಯಾರದು ಎಂದರೆ ನಮ್ಮವರು "ನನ್ನದು" ಎಂದರು. ಯಾರು ಬಿಟ್ಟರು ಎಂದರೆ, ಗಾಡಿಯಲ್ಲಿ ಏನಾದರೂ ಅದು ನನ್ನ ಹೊಣೆ ಎಂದರು. ಮುದುಕಿಯ ಹೆಸರು ಹೇಳು, ಬಿಟ್ಟುಬಿಡುತ್ತಾರೆ ಎಂದು ಜೊತೆಯವರು ಎಷ್ಟು ಹೇಳಿದರೂ ಕೇಳಲಿಲ್ಲ. ಅವರ ಸಾಹೇಬರು ಒಳ್ಳೆಯವರು, ತಮ್ಮ ಹೆಂಡತಿಯ ಹಣೆಗೆ ಪಟ್ಟಿ ಇದ್ದರೂ ಇವರ ಪರವಾಗಿ ಮಾತನಾಡಿದರಂತೆ. ಆದರೆ ಅಷ್ಟು ಜನ ದೊಡ್ಡವರ ಮುಂದೆ ಆದ ಅವಮಾನ ಅದು. ಮುಂದುವರಿಸುವುದಿಲ್ಲ ಎಂದು ಹುಕುಂ ಬಂತು.

ಅತ್ತೆ ಆ ಕೋಣೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತವಳು ಊಟಕ್ಕೂ ಏಳಲಿಲ್ಲ. "ನಾ ಒಲ್ಲೆ ಅಂದದ್ದನ್ನ ಕೊಟ್ಲಲ್ಲವಾ" ಎಂದು, ನಮ್ಮವರು ಮನೆಯಲ್ಲಿಲ್ಲದಾಗ, ಗಂಗವ್ವನನ್ನೇ ಬೈದಳು. ಬಾಯಿಗೆ ಬಂದಂತೆ ಬೈದಳು. ನನಗೂ ಅತ್ತೆಯ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಪಾತ್ರೆಗಳನ್ನು ಎತ್ತಿ ಎತ್ತಿ ಕುಕ್ಕಿದೆ. ಆದರೆ ಮುಖ ನೋಡಿದ ಮೇಲೆ ಕುಕ್ಕುವುದು ನಿಂತಿತು.

ಊರಿಗೆ ಹೊರಟ ರೈಲಿನಲ್ಲಿ ನಮ್ಮವರೇ ಆಕೆಯನ್ನು ಸಮಾಧಾನ ಮಾಡಿದರು. ಕಿಟಕಿಯ ಹೊರಗೆ ನೋಡುತ್ತ, "ಇರ್ಲಿ ಬಿಡವ್ವಾ. ನೀ ಬೇಡಿಕೊಂಡದ್ದಾದ್ರೂ ಆತಲ್ಲ. ಅಷ್ಟ ಸಾಕು ನನಗ" ಎಂದರು. ಅತ್ತೆ ಬಾಯಿ ತೆರೆದಳು. ನನ್ನನ್ನು ನೋಡಿದಳು. ಮತ್ತೆ ಮುಚ್ಚಿದಳು. ಮುಂದಿನ ಸ್ಟೇಶನ್ನಿನಲ್ಲಿ ಅವರು ನೀರು ತರಲು ಇಳಿದಾಗ ನನ್ನ ಕೈ ಹಿಡಿದು ಹೇಳಿದಳು: "ನೀ ಅವಗ ಹೇಳಬ್ಯಾಡ, ನನ್ನ ಆಣಿ ಐತಿ. ಅವ್ವನ ಆಸೆಯರ ತೀರ್ತು ಅನ್ನೂದೊಂದು ಉಳದೈತಿ ಅವಗ. ಅದನ್ನೂ ಕಸಗೊಂಡ್ರ ಏನ್ ಹಿಡಕೊಂಡ ಬಾಳ್ವೆ ಮಾಡ್ಯಾನು?" ನನಗೂ ಅದು ಸರಿ ಎನಿಸಿತು. ಈಗ ಕೂತು ಯೋಚಿಸಿದರೂ, ಆ ಹೊತ್ತಿಗೆ ಅದು ಸರಿಯೇ ಆಗಿತ್ತು.

ಅವರು ಕುಣಿಗೆ ಇಳಿದರು. ಲಾಳಿ ಓಡಿಸಿದರು. ಒಳ್ಳೆಯ ನೇಯ್ಗೆ, ಯಾರೂ ಹೆಸರಿಡುವಂತಿರಲಿಲ್ಲ. ಮಗನ ಕೈಯಲ್ಲಿ ಮಗ್ಗ ನಡೆಯುವುದನ್ನು ನೋಡುತ್ತ ಮಾವ ಸಮಾಧಾನದಿಂದ ಕಣ್ಣು ಮುಚ್ಚಿದರು. ಮಕ್ಕಳಾದವು. ನೀರಲಾರಿಯ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಓಣಿಯಲ್ಲಿ ನೀರು ಹರಿದರೆ ಮಾತ್ರ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಕರೆದರೂ ಒಳಗೆ ಬರುತ್ತಿರಲಿಲ್ಲ. ಅತ್ತೆ ಅವರ ಬೆನ್ನು ನೋಡುತ್ತಿದ್ದಳು. ಮಗ್ಗದ ಮುಂದೆ ವರ್ಷ ವರ್ಷಕ್ಕೆ ಬಾಗುತ್ತಿದ್ದ ಆ ಬೆನ್ನಿನ ಎದುರು ಕೂರಲಾರದೆ ಕಂಡಿಕೆಯ ರಾಟಿಯನ್ನು ಹಿತ್ತಲಿಗೆ ಒಯ್ದಳು.

ಓಣಿಯ ಹೆಂಗಸರಿಗೆ ಮಾತ್ರ ಅತ್ತೆ ದೊಡ್ಡವಳಾಗಿಬಿಟ್ಟಳು. ಗಂಗವ್ವನಿಗೆ ಸೀರೆ ಉಡಿಸಿ ಮಗನನ್ನು ಸೈನ್ಯದಿಂದ ಬಿಡಿಸಿಕೊಂಡು ಬಂದಾಕೆ! ಮಕ್ಕಳನ್ನು ದೂರ ಕಳಿಸಿದವರೆಲ್ಲ ಬಂದು ಹರಕೆ ಹೇಗೆ ಹೊರಬೇಕು ಎಂದು ಕೇಳುತ್ತಿದ್ದರು. ಅತ್ತೆ "ನನಗೇನೂ ಗೊತ್ತಿಲ್ಲ, ಹೋಗ್ರಿ" ಎಂದು ಹರಿಹಾಯುತ್ತಿದ್ದಳು. ಹಾಗೆ ಹರಿಹಾಯ್ದಷ್ಟೂ ಆಕೆಯ ಮಹಿಮೆ ಹೆಚ್ಚಿತು.

ಏಕೀಕರಣದ ದಿನ ಬಂತು. ಬೆಟಗೇರಿ ಮುಂಬೈ ಬಿಟ್ಟು ಮೈಸೂರಿಗೆ ಸೇರಿತು, ಕನ್ನಡದವರೆಲ್ಲ ಒಂದಾದೆವು. ನನಗೂ ಸಂತೋಷವೇ, ಸುಳ್ಳು ಯಾಕೆ ಹೇಳಲಿ? ಬೆಳಿಗ್ಗೆ ಬೇಗ ಎದ್ದು ಅಂಗಳ ಸಾರಿಸಿ ದೊಡ್ಡ ರಂಗೋಲಿ ಹಾಕಿದೆ. ಓಣಿಯ ಆ ತುದಿಯಿಂದ ಹಲಗೆ, ಶಹನಾಯಿ ಹಿಡಿದು ಮೆರವಣಿಗೆ ಹೊರಟಿತ್ತು. ಆಗ ಎದುರು ಮನೆಯಾಕೆ ಓಡುತ್ತ ನಮ್ಮ ಪಡಸಾಲೆಗೆ ಬಂದಳು. ಆಕೆಯ ಮಗ ಮುಂಬೈಯ ಗಿರಣಿಯಲ್ಲಿದ್ದ.

"ಯಕ್ಕಾ, ಮುಂಬೈ ಇನ್ನ ಬ್ಯಾರೇದವರ ರಾಜ್ಯ ಆತಂತ. ನನ್ನ ಮಗ ಅಲ್ಲೇ ಉಳದಬಿಟ್ರ ಏನ್ ಮಾಡ್ಲಿ? ಗಂಗವ್ವಗ ನೀ ಏನಂತ ಬೇಡಿಕೊಂಡಿದ್ದಿ, ಇವತ್ತರ ಹೇಳು" ಎಂದು ಅತ್ತೆಯ ಕಾಲು ಹಿಡಿದಳು.

ಅತ್ತೆ ಕಾಲು ಜಗ್ಗಿಕೊಂಡಳು. ಅಷ್ಟು ವರ್ಷ ಒಳಗಿಟ್ಟದ್ದು ಒದರಿಕೊಂಡು ಹೊರಬಂತು. "ಹೋಗ ಅತ್ಲಾಗ! ಅಲ್ಲೇ ಇರ್ಲಿ ಅಂತ ಬೇಡಿದ್ನಿ ನಾ! ನನ್ನ ಮಗ ನನಗ ಬ್ಯಾಡ, ನೀರಿನ ಮ್ಯಾಲ ಇರ್ಲಿ ಅಂತ ಬೇಡಿದ್ನಿ. ಬೇಕಾದ್ರ ಇಕಿನ್ನ ಕೇಳು" ಎಂದು ನನ್ನತ್ತ ಕೈ ಮಾಡಿದಳು.

ಒಳಗೆ ಮಗ್ಗ ನಿಂತಿತು. ನಮ್ಮವರು ಕುಣಿಯಿಂದ ಎದ್ದು ಬಂದು ನಡುಮನೆಯ ಬಾಗಿಲಲ್ಲಿ ನಿಂತರು. ಎದುರು ಮನೆಯಾಕೆ ಸೆರಗು ಸರಿಮಾಡಿಕೊಂಡು ಸದ್ದಿಲ್ಲದೆ ಹೋದಳು.

"ಖರೇನಽ ಇದು?" ಎಂದು ನನ್ನನ್ನು ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.

ಅವರು ಅವ್ವನ ಪಕ್ಕದಲ್ಲಿ ನೆಲಕ್ಕೇ ಕೂತರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. "ಯವ್ವಾ, ಬರೂಮುಂದ ಸಾಹೇಬ್ರು ನನ್ನ ಕರದು ಹೇಳಿದ್ರು" ಎಂದರು. "ವರ್ಷೊಪ್ಪತ್ತು ಹೋಗ್ಲಿ, ಗದ್ದಲ ತಣ್ಣಗಾಗ್ಲಿ, ಹೊಳ್ಳಿ ಬಾ, ಅದಽ ಗಾಡಿ ಕೊಡ್ತೀನಿ ಅಂದಿದ್ರು. ನಿನ್ನ ಮನಸ್ಸ ನೋಯಿಸಬಾರದಂತ ನಾ ಹೋಗಲಿಲ್ಲವಾ."

ಈ ಮಾತು ನನಗೂ ಗೊತ್ತಿರಲಿಲ್ಲ. ಒಂದೇ ಸೂರಿನಡಿ, ಒಂದೇ ಪಾತ್ರೆಯ ಅನ್ನ ಉಂಡವರು ನಾವು ಮೂವರು. ಒಬ್ಬರ ಮನಸ್ಸು ಒಬ್ಬರು ಕಾಯುತ್ತ ಅಷ್ಟು ವರ್ಷ ಬಾಯಿ ಕಟ್ಟಿಕೊಂಡು ಕೂತಿದ್ದೆವಲ್ಲ! ಯಾರಾದರೂ ಒಬ್ಬರು ಒಂದು ಸಲ ಜಗಳವಾಡಿದ್ದರೂ ಸಾಕಿತ್ತು.

ಅತ್ತೆ ಮಗನ ಹೆಗಲಿಗೆ ಕೈ ಹಾಕಿ ತಳ್ಳತೊಡಗಿದಳು. "ಏಳು. ಈಗ ಹೋಗು. ಏಳಪ್ಪಾ ತಮ್ಮಾ, ಜಲ್ದಿ ಹೋಗು."

"ಈಗ ಅಲ್ಲಿ ಯಾರದಾರವ್ವಾ? ಸಾಹೇಬ್ರು ಪೆನ್ಶನ್ ಮ್ಯಾಲ ಹೋದ್ರು. ಗಾಡಿನೂ ಮುರದು ಮೋಡಕಾಕ್ಕ ಹಾಕ್ಯಾರಂತ."

ಅತ್ತೆಗೆ ಕೇಳಿಸಲಿಲ್ಲವೋ, ಕೇಳಿಯೂ ಬೇಡವಾಯಿತೋ, ತಳ್ಳುತ್ತಲೇ ಇದ್ದಳು, ಹೋಗು ಹೋಗು ಎನ್ನುತ್ತಲೇ ಇದ್ದಳು. ಅವರು ತಳ್ಳಿಸಿಕೊಳ್ಳುತ್ತ ಕೂತಿದ್ದರು. ಮೆರವಣಿಗೆ ನಮ್ಮ ಬಾಗಿಲಿಗೆ ಬಂತು. ಒಳಗಿದ್ದವರೆಲ್ಲ ಬರ್ರಿ, ಇಂದು ಯಾರೂ ಮನೆಯಲ್ಲಿ ಉಳಿಯಬಾರದು ಎಂದು ಕೂಗಿದರು. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ.